ಮರದ ಚೌಕಟ್ಟಿನ ಮನೆ

1897ನೆಯ ಇಸವಿ ಜೂನ್ ತಿಂಗಳ 12ನೆಯ ದಿನ, ಸಾಯಂಕಾಲ ಐದು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಈಶಾನ್ಯ ಭಾರತದ ಬೆಟ್ಟಗಳ ಅಡಿಯಲ್ಲಿ ಭೂಮಿ ಭಯಂಕರವಾಗಿ ಕಂಪಿಸಿತು. ಅಂದು ಅಸ್ಸಾಂ ಪ್ರಾಂತದ ಆಡಳಿತ ಕೇಂದ್ರವಾಗಿದ್ದ, ಇಂದು ಮೇಘಾಲಯದ ರಾಜಧಾನಿಯಾಗಿರುವ ಷಿಲ್ಲಾಂಗ್ ಪಟ್ಟಣದಲ್ಲಿ ಕಲ್ಲಿನಿಂದ ಕಟ್ಟಿದ ಕಟ್ಟಡಗಳ ಪೈಕಿ ನಿಂತು ಉಳಿದದ್ದು ಇಲ್ಲವೆಂದೇ ಹೇಳಬೇಕು. ಆ ಭೂಕಂಪದಲ್ಲಿ ಒಟ್ಟು ಸುಮಾರು ಒಂದೂವರೆ ಸಾವಿರ ಜನರು ಮೃತರಾದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಓಲ್ಡ್‌ಹ್ಯಾಮ್ ಎಂಬ ವಿಜ್ಞಾನಿಯು ಈ ಅನಾಹುತವನ್ನು ಕೂಲಂಕಷವಾಗಿ ಅಭ್ಯಸಿಸಿ 1899ರಲ್ಲಿ ದೊಡ್ಡದೊಂದು ವರದಿಯನ್ನು ಪ್ರಕಟಿಸಿದನು. ಆ ವರದಿಯಿಂದ ತಿಳಿದುಬರುವ ಸಂಗತಿಗಳಲ್ಲಿ ಒಂದು ನಮ್ಮ ಪಾಠಕ್ಕೆ ಆಧಾರವಾಗಿದೆ. ಕಲ್ಲಿನ ಮನೆಗಳು ರಾಶಿಯಾಗಿ ಬಿದ್ದ ಅದೇ ಊರಿನಲ್ಲಿ, ಮರದ ಚೌಕಟ್ಟಿಗೆ ಹುಲ್ಲುಕಡ್ಡಿಯ ತಡಿಕೆಯನ್ನು ತುಂಬಿ ಗಾರೆ ಮೆತ್ತಿದ್ದ ಮನೆಗಳು ಗಾರೆಯನ್ನು ಉದುರಿಸಿಕೊಂಡವು, ಕೆಲವೆಡೆ ತಡಿಕೆಯೂ ಕಿತ್ತುಹೋಯಿತು. ಆದರೆ ಅವು ಕಲ್ಲಿನ ಮನೆಗಳಂತೆ ನೆಲಸಮವಾಗಲಿಲ್ಲ. ಚೌಕಟ್ಟಿಗೆ ಬರಿಯ ಹಲಗೆಗಳನ್ನು ಹೊದಿಸಿದ್ದ ಮನೆಗಳಿಗಂತೂ ಹಾನಿಯೇ ಕಡಿಮೆ.

ಕಲ್ಲು ಗಟ್ಟಿಯೋ ಮರ ಗಟ್ಟಿಯೋ ಎಂದು ಯಾರನ್ನು ಕೇಳಿದರೂ ಕಲ್ಲೇ ಗಟ್ಟಿ ಎನ್ನುತ್ತಾರೆ. ಹಾಗಿದ್ದರೆ ಷಿಲ್ಲಾಂಗಿನಲ್ಲಿ ಹೀಗೇಕಾಯಿತು? ಇದಕ್ಕೆ ಉತ್ತರ ಮರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಚೌಕಟ್ಟಿನಲ್ಲಿದೆ.

ನಿಮ್ಮ ಊರಿನಲ್ಲಿ ಮದುವೆಯ ಚಪ್ಪರ ಹಾಕುವುದನ್ನು ನೀವು ನೋಡಿರುತ್ತೀರಿ. ಮೊದಲು ಕಂಬಗಳನ್ನು ನಿಲ್ಲಿಸುತ್ತಾರೆ, ಅವುಗಳ ಮೇಲೆ ಅಡ್ಡಗಳುಗಳನ್ನು ಕಟ್ಟುತ್ತಾರೆ, ಅನಂತರ ಸೋಗೆಯನ್ನು ಹರಡುತ್ತಾರೆ. ಸುತ್ತಲೂ ತೆಂಗಿನ ಗರಿಯ ತಡಿಕೆ ಕಟ್ಟಿದರೂ ಕಟ್ಟದಿದ್ದರೂ ಚಪ್ಪರ ನಿಲ್ಲುತ್ತದೆ. ಮೇಲಿನ ಭಾರವನ್ನು ಹೊರುವುದು ಕಂಬ. ತಡಿಕೆ ಕೇವಲ ಮರೆ. ಮರದ ಚೌಕಟ್ಟಿನ ಮನೆಯ ತತ್ತ್ವವೂ ಇದೇ. ಕಲ್ಲಿನ ಅಥವಾ ಮಣ್ಣಿನ ಮನೆಯಲ್ಲಿ ಗೋಡೆಯೇ ಮಾಡನ್ನು ಹೊರುತ್ತದೆ. ಗೋಡೆ ಬಿದ್ದರೆ ಮನೆ ಬಿದ್ದಂತೆ. ಚೌಕಟ್ಟಿನ ಮನೆಯಲ್ಲಿ ಮಾಡಿನ ಭಾರವು ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ ಇಳಿದು ಹೋಗುತ್ತದೆ. ನಡುವಿನ ಗೋಡೆ ಗಾಳಿಮಳೆಗಳನ್ನು ತಡೆದರೆ ಸಾಕು.

ಇಂತಹ ಮನೆಯನ್ನು ಕಟ್ಟುವ ಕ್ರಮವನ್ನು ಈಗ ನೋಡೋಣ. ಮೊದಲಿಗೆ ನೆಲಗಟ್ಟು. ಗಟ್ಟಿನೆಲ ಸಿಗುವವರೆಗೆ ಅಗೆದು, ಕಲ್ಲು ಅಥವಾ ಇಟ್ಟಿಗೆಯಿಂದ ತಳಪಾಯವನ್ನು ಕಟ್ಟಿ, ಸುತ್ತಲಿನ ನೆಲಕ್ಕಿಂತ ಒಂದೆರಡು ಅಡಿ ಎತ್ತರಕ್ಕೆ ತರುತ್ತಾರೆ. ಮಳೆಯ ನೀರು ಮರವನ್ನು ಮುಟ್ಟದಿರಲಿ ಎಂಬುದೇ ಈ ಎತ್ತರದ ಉದ್ದೇಶ. ನೆಲಗಟ್ಟಿನ ಮೂಲೆಗಳು ನೇರವಾಗಿರಬೇಕು. ಬಡಗಿಯ ಬಳಿ ಮೂಲೆಮಟ್ಟವಿದ್ದರೂ ಅಷ್ಟು ದೊಡ್ಡ ಮೂಲೆಗೆ ಅದು ಸಾಲದು. ಆಗ ಅವನು ಹಗ್ಗವನ್ನು ಹಿಡಿಯುತ್ತಾನೆ. ಮೂಲೆಯಿಂದ ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವಣ ದೂರ ಸರಿಯಾಗಿ ಐದು ಅಡಿ ಇದೆಯೇ ಎಂದು ಅಳೆಯುತ್ತಾನೆ. ಗಣಿತದ ತರಗತಿಯಲ್ಲಿ ನೀವು ಕಲಿಯುವ ಲಂಬಕೋನ ತ್ರಿಭುಜದ ಪ್ರಮೇಯವೇ ಇದು. ಬೌಧಾಯನನ ಶುಲ್ಬಸೂತ್ರವೂ ಇದನ್ನು ಬಲ್ಲುದು. ಕೊನೆಗೆ ಎರಡು ಕರ್ಣಗಳೂ ಸಮನಾಗಿದ್ದರೆ ಆಯತ ಸರಿಯಾಯಿತೆಂದು ಅರ್ಥ.

ನೆಲಗಟ್ಟಿನ ಮೇಲೆ ಸುತ್ತಲೂ ಮಲಗಿಸುವ ಮರಕ್ಕೆ ಅಡಿತೊಲೆ ಎನ್ನೋಣ. ಇದನ್ನು ಕಬ್ಬಿಣದ ಬೋಲ್ಟುಗಳಿಂದ ತಳಪಾಯಕ್ಕೆ ಬಂಧಿಸುತ್ತಾರೆ. ಅದರ ಮೇಲೆ ಕಂಬಗಳು. ಕಂಬಗಳ ತಲೆಯನ್ನೆಲ್ಲ ಕೂಡಿಸಿ ಹಿಡಿಯುವುದಕ್ಕೆ ಮೇಲ್ತೊಲೆ. ಕಂಬಗಳನ್ನು ಎಷ್ಟು ದೂರಕ್ಕೊಂದು ನಿಲ್ಲಿಸಬೇಕೆಂಬುದು ಮರದ ಗಾತ್ರವನ್ನು ಅವಲಂಬಿಸಿದೆ. ನಮ್ಮ ದೇಶದಲ್ಲಿ ದಪ್ಪ ಕಂಬಗಳನ್ನು ದೂರದೂರವಾಗಿ ನಿಲ್ಲಿಸುವುದು ರೂಢಿ. ಅಮೆರಿಕದಲ್ಲಿ, ಷಿಕಾಗೋ ನಗರವು ಬೆಳೆಯತೊಡಗಿದ 1830ರ ದಶಕದಿಂದೀಚೆಗೆ, ತೆಳುವಾದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮೊಳೆ ಹೊಡೆಯುವ ಪದ್ಧತಿ ಹಬ್ಬಿತು. ಇಂದಿಗೂ ಅಲ್ಲಿ ಎರಡಿಂಚು ನಾಲ್ಕಿಂಚು ಎಂದು ಹೆಸರಾದ ಪಟ್ಟಿಗಳನ್ನು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸುತ್ತಾರೆ. ಹೆಸರು ಹಾಗಿದ್ದರೂ, ಹತ್ತರಿ ಹಿಡಿದು ಒಣಗಿಸಿ ಮಾರುವ ಆ ಪಟ್ಟಿಯ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು ಮಾತ್ರ!

ಕಂಬ, ಅಡಿತೊಲೆ, ಮೇಲ್ತೊಲೆಗಳು ಸೇರಿದರೆ ಒಂದು ಆಯತವಾಯಿತು. ಇಷ್ಟಕ್ಕೆ ಮನೆ ಭದ್ರವಾಯಿತೆಂದು ತಿಳಿಯುವುದು ತಪ್ಪು. ನಾಲ್ಕು ಬಿದಿರಿನ ಸೀಳುಗಳನ್ನು ತೆಗೆದುಕೊಂಡು ಮೂಲೆಗಳಲ್ಲಿ ಒಂದೊಂದೇ ಮೊಳೆ ಹೊಡೆದು ಚೌಕ ಮಾಡಿರಿ. ಒಂದು ಬದಿಯಿಂದ ನೂಕಿದರೆ ಅದು ವಾಲುತ್ತದೆ. ಈಗ ಐದನೆಯ ಸೀಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದು ನೂಕಿ ನೋಡಿರಿ, ಅದು ಅಲುಗುವುದಿಲ್ಲ. ಚೌಕದ ಭುಜಗಳ ಉದ್ದ ಬದಲಾಗದೆಯೇ ಅದರ ಆಕಾರ ಬದಲಾಗಬಲ್ಲದು. ತ್ರಿಭುಜದಲ್ಲಿ ಇದು ಸಾಧ್ಯವಿಲ್ಲ. ಆದುದರಿಂದ ಪ್ರತಿಯೊಂದು ಗೋಡೆಯಲ್ಲಿಯೂ, ಮುಖ್ಯವಾಗಿ ಮನೆಯ ಮೂಲೆಗಳಲ್ಲಿ, ಓರೆಮರಗಳನ್ನು ಕೊಡಲೇಬೇಕು. ಚೌಕಟ್ಟಿನ ಮೇಲೆ ಹಲಗೆಗಳನ್ನು ಬಿಗಿಯಾಗಿ ಹೊಡೆದರೂ ಇದೇ ಫಲ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಕಾಶ್ಮೀರದ ‘ಧಜ್ಜಿ ದೇವಾರಿ’ ಎಂಬ ಹಳೆಯ ಪದ್ಧತಿಯಲ್ಲಿ ಇಡೀ ಗೋಡೆಯನ್ನೇ ಮರದ ಪಟ್ಟಿಗಳಿಂದ ಸಣ್ಣ ಸಣ್ಣ ಅಂಕಣಗಳಾಗಿ ವಿಭಜಿಸಿ, ಓರೆಪಟ್ಟಿಗಳನ್ನು ಕೊಟ್ಟು, ನಡುವೆ ಕಲ್ಲುಮಣ್ಣನ್ನು ತುಂಬುತ್ತಾರೆ. ಹೆಸರಿನ ಅರ್ಥವೇ ತೇಪೆಗಳ ಗೋಡೆ ಎಂದು. ನಮ್ಮ ಕೌದಿಯನ್ನು ನೆನೆದುಕೊಂಡರೆ ಅದರ ರೂಪ ಕಣ್ಣಿಗೆ ಕಟ್ಟುತ್ತದೆ.

ತೊಲೆಗಳ ವಿಷಯದಲ್ಲಿಯೂ ಒಂದು ಸರಳ ಪ್ರಯೋಗವಿದೆ. ನಿಮ್ಮ ಮರದ ಅಡಿಕೋಲನ್ನು ಎರಡು ಪುಸ್ತಕಗಳ ನಡುವೆ ಅಗಲವಾಗಿ ಮಲಗಿಸಿ ಬೆರಳಿನಿಂದ ಒತ್ತಿದರೆ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗದು. ಎರಡಿಂಚು ದಪ್ಪ, ಆರಿಂಚು ಅಗಲದ ಒಂದು ಮರವನ್ನು ಮಲಗಿಸುವ ಬದಲು ನಿಲ್ಲಿಸಿ ಇಟ್ಟರೆ ಅದು ಮೂರರಷ್ಟು ಭಾರವನ್ನು ತಾಳಬಲ್ಲದು. ಬಾಗುವುದಂತೂ ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಮರ ಅಷ್ಟೇ, ಬೆಲೆಯೂ ಅಷ್ಟೇ. ಇಡುವ ರೀತಿ ಬೇರೆ.

ಕೂಡುಗೆಗಳಲ್ಲಿ ಬಡಗಿಯ ಕೈಗುಣ ತಿಳಿಯುತ್ತದೆ. ಕಂಬದ ತುದಿಯನ್ನು ನಾಲಗೆಯಂತೆ ಕಡೆದು, ತೊಲೆಯಲ್ಲಿ ಅದಕ್ಕೆ ತಕ್ಕ ಗುಳಿಯನ್ನು ಉಳಿಯಿಂದ ತೆಗೆದು, ಒಂದರೊಳಗೊಂದನ್ನು ಕೂರಿಸಿ, ಅಡ್ಡಲಾಗಿ ತೂತು ಕೊರೆದು ಬೆಣೆ ಬಡಿಯುತ್ತಾನೆ. ಇಂತಹ ಕೂಡುಗೆಯು ಭೂಮಿ ಅಲುಗಿದಾಗ ತುಸು ಸಡಿಲಿ, ತುಸು ಉಜ್ಜಿಕೊಂಡು, ಕಂಪನದ ರಭಸವನ್ನು ತಾನೇ ನುಂಗಿಕೊಳ್ಳುತ್ತದೆ. ಕಲ್ಲುಗೋಡೆಗೆ ಈ ಗುಣವಿಲ್ಲ. ಅದು ಒತ್ತುವ ಭಾರವನ್ನು ಎಷ್ಟಾದರೂ ತಾಳುತ್ತದೆ. ಎಳೆದರೆ ಬಿರುಕು ಬಿಡುತ್ತದೆ. ಮರದ ನಾರುಗಳಾದರೋ ಒತ್ತಡ ಸೆಳೆತಗಳೆರಡನ್ನೂ ಸಹಿಸುತ್ತವೆ.

ಚೌಕಟ್ಟು ನಿಂತ ಮೇಲೆ ಗೋಡೆ ತುಂಬುವ ಕೆಲಸ. 1897ರ ಭೂಕಂಪದ ತರುವಾಯ ಷಿಲ್ಲಾಂಗಿನಲ್ಲಿಯೂ ಅಸ್ಸಾಮಿನ ಪಟ್ಟಣಗಳಲ್ಲಿಯೂ ‘ಅಸ್ಸಾಂ ಮಾದರಿ’ ಎಂದು ಹೆಸರಾದ ಮನೆಗಳು ವ್ಯಾಪಕವಾಗಿ ಬಳಕೆಗೆ ಬಂದವು. ಇವುಗಳಲ್ಲಿ ಕಿಟಕಿಯ ಕೆಳಮಟ್ಟದವರೆಗೆ ಇಟ್ಟಿಗೆಯ ಅಥವಾ ಕಲ್ಲಿನ ಗಿಡ್ಡಗೋಡೆ. ಅದರ ಮೇಲೆ ಮರದ ಅಂಕಣಗಳು. ‘ಇಕ್ರಾ’ ಎಂಬ, ಜೊಂಡಿನಂತೆ ಬೆಳೆಯುವ ಹುಲ್ಲಿನ ಕಡ್ಡಿಗಳನ್ನು ಈ ಅಂಕಣಗಳಲ್ಲಿ ಜೋಡಿಸಿ, ಎರಡು ಕಡೆಯೂ ಮಣ್ಣನ್ನೋ ಗಾರೆಯನ್ನೋ ಮೆತ್ತುತ್ತಾರೆ. ಹೊರಗಿನಿಂದ ನೋಡಿದವರಿಗೆ ಸುಣ್ಣ ಬಳಿದ ಗಟ್ಟಿ ಗೋಡೆಯೇ ಕಾಣುತ್ತದೆ. ಅದು ಎರಡು ಮೂರು ಅಂಗುಲ ದಪ್ಪದ ತಡಿಕೆ ಎಂಬುದು ತಿಳಿಯುವುದೇ ಇಲ್ಲ. ಮಾಡಿನ ಮೇಲೆ ತಗಡು. ಮಲೆನಾಡಿನ ಹೆಂಚಿನ ಮನೆಯಲ್ಲಿರುವಂತೆ ಇಲ್ಲಿಯೂ ಪಕಾಸಿಗಳು ಇಳಿಜಾರಾಗಿ ಇಳಿಯುತ್ತವೆ, ಅವುಗಳ ಮೇಲೆ ಅಡ್ಡಲಾಗಿ ರೀಪುಗಳು. ಇಳಿಜಾರಾದ ಪಕಾಸಿಗಳು ಗೋಡೆಯನ್ನು ಹೊರಕ್ಕೆ ನೂಕುವ ಸ್ವಭಾವದವು. ಆದುದರಿಂದ ಎದುರುಬದುರಿನ ಪಕಾಸಿಗಳ ಕಾಲುಗಳನ್ನು ಒಂದು ಅಡ್ಡಮರದಿಂದ ಬಿಗಿಯಬೇಕು. ಇಲ್ಲಿಯೂ ಒಂದು ತ್ರಿಭುಜ ಉಂಟಾಯಿತೆಂಬುದನ್ನು ನೀವೇ ಗಮನಿಸಿರಬಹುದು.

ಮಾಡು ಹಗುರವಾಗಿರಬೇಕೆಂಬುದನ್ನು ಏಕೆ ಒತ್ತಿ ಹೇಳಬೇಕಾಗಿದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ದುಃಖದ ನಿದರ್ಶನವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ವಿಸರ್ಜಿಸಿ ಬಂದ ಜನರು ಮಲಗಿ ನಿದ್ರಿಸುತ್ತಿದ್ದಾಗ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾಗಿ ಸಾವಿರಾರು ಮಂದಿ ಸತ್ತರು. ಕರ್ನಾಟಕದ ಗಡಿಗೆ ಸಮೀಪವಾದ ಸೀಮೆ ಅದು. ಅದರ ಪ್ರಮಾಣ 6.2, ಷಿಲ್ಲಾಂಗಿನ ಭೂಕಂಪದ ಪ್ರಮಾಣ ಸುಮಾರು ಎಂಟು. ಚಿಕ್ಕ ಭೂಕಂಪದಲ್ಲಿ ಹೆಚ್ಚು ಸಾವು! ಆಶ್ಚರ್ಯವೆಂದರೆ ಆ ಹಳ್ಳಿಗಳ ಎಷ್ಟೋ ಮನೆಗಳಲ್ಲಿಯೂ ಮರದ ಕಂಬ ತೊಲೆಗಳಿದ್ದವು. ನಮ್ಮ ಬೀದರ್, ಕಲಬುರಗಿ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಆ ಬಗೆಯ ಮನೆ ಅಪರಿಚಿತವಲ್ಲ. ಬಿಸಿಲನ್ನು ತಡೆಯಲೆಂದು ತೊಲೆಗಳ ಮೇಲೆ ದಪ್ಪವಾಗಿ ಮಣ್ಣು ಹಾಕಿದ್ದರು. ಸುತ್ತಲೂ ಗುಂಡುಕಲ್ಲುಗಳನ್ನು ಮಣ್ಣಿನಲ್ಲಿ ಹುದುಗಿಸಿ ಕಟ್ಟಿದ ಅಗಲವಾದ ಗೋಡೆಗಳಿದ್ದವು. ಅರ್ಧ ಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿನಲ್ಲಿ ಸುಮಾರು 800 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಜಾಗದ ತಗಡು ಹತ್ತು ಕಿಲೋಗ್ರಾಂ ಕೂಡ ತೂಗದು. ತಲೆಯ ಮೇಲೆ ಮೂಟೆ ಹೊತ್ತು ನಿಂತವನನ್ನೂ ಬರಿಗೈಯಲ್ಲಿ ನಿಂತವನನ್ನೂ ಒಂದೇ ಬಸ್ಸು ಒಮ್ಮೆಲೆ ಜಗ್ಗಿದರೆ ಯಾರು ಮೊದಲು ಬೀಳುತ್ತಾರೆ? ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲವು ಅದರ ತೂಕಕ್ಕೆ ಅನುಗುಣವಾಗಿರುತ್ತದೆ. ಕಿಲ್ಲಾರಿಯ ಹಲವು ಮನೆಗಳಲ್ಲಿ ಚೌಕಟ್ಟು ನಿಂತೇ ಇತ್ತು. ಅದಕ್ಕೆ ಅಂಟಿಕೊಳ್ಳದೆ ಬೇರೆಯಾಗಿಯೇ ನಿಂತಿದ್ದ ಕಲ್ಲುಗೋಡೆ ಮಲಗಿದ್ದವರ ಮೇಲೆ ಕುಸಿದಿತ್ತು. ಆ ಮನೆಗಳಲ್ಲಿ ಮರಕ್ಕೆ ಕೊರತೆಯಿರಲಿಲ್ಲ. ಓರೆಮರವಿಲ್ಲದ್ದು, ಗೋಡೆಗೂ ಚೌಕಟ್ಟಿಗೂ ಸಂಬಂಧವಿಲ್ಲದ್ದು, ಮಾಡು ಭಾರವಾದದ್ದು ಇವು ದೋಷಗಳು.

ಚೌಕಟ್ಟಿನ ಮನೆಯನ್ನು ಭೂಕಂಪಕ್ಕಿಂತ ಹೆಚ್ಚಾಗಿ ಕೆಡಿಸುವುದು ತೇವ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಮುಚ್ಚಲಾಗದಿರುವುದು, ಬೇಸಗೆಯಲ್ಲಿ ಅದೇ ಬಾಗಿಲು ಸಡಿಲವಾಗುವುದು ನಿಮಗೆ ಗೊತ್ತು. ಮರವು ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ. ಉದ್ದಕ್ಕೆ ಅದರ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಹಸಿಮರದಲ್ಲಿ ಕಟ್ಟಿದ ಮನೆಯ ಕೂಡುಗೆಗಳೆಲ್ಲ ಒಂದೆರಡು ವರ್ಷಗಳಲ್ಲಿ ಸಡಿಲುವುದು ಇದರಿಂದಲೇ. ಕೊಯ್ದ ಮರವನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಅಟ್ಟಿಯಾಗಿ ಪೇರಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಮರದಲ್ಲಿ ನೀರಿನ ಅಂಶ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಗೆದ್ದಲು ನೆಲದಿಂದ ಏರುತ್ತದೆಯಾದ್ದರಿಂದ ಕಂಬವನ್ನು ಎಂದಿಗೂ ಮಣ್ಣಿನಲ್ಲಿ ಹೂಳಬಾರದು. ಮರದ ಒಳಗಿನ ಕೆಚ್ಚಿನ ಭಾಗವನ್ನೇ ಆರಿಸಬೇಕು. ಹೊರಗಿನ ಬಿಳಿಯ ಭಾಗವನ್ನು ಹುಳುಗಳು ಬಿಡುವುದಿಲ್ಲ. ನಮ್ಮಲ್ಲಿ ಸಾಗುವಾನಿ, ಹೊನ್ನೆ, ಹಲಸುಗಳಿಗೆ ಇರುವ ಬೆಲೆ ಈ ಕೆಚ್ಚಿನಿಂದ ಬಂದದ್ದು. ಬೆಂಕಿಯ ಭಯವೂ ಉಂಟು. ದಪ್ಪ ತೊಲೆಯು ಹೊರಗೆ ಇದ್ದಿಲಾಗಿ, ಆ ಇದ್ದಿಲೇ ಒಳಗಿನ ಮರವನ್ನು ಕೆಲಕಾಲ ಕಾಯುತ್ತದೆ; ಆದರೆ ತೆಳ್ಳನೆಯ ಪಟ್ಟಿಗೂ ಹುಲ್ಲಿನ ತಡಿಕೆಗೂ ಗಾರೆಯ ಹೊದಿಕೆಯೊಂದೇ ರಕ್ಷೆ. ಎತ್ತರಕ್ಕೂ ಮಿತಿಯುಂಟು: ಭೂಕಂಪ ಪ್ರದೇಶದ ಕಟ್ಟಡಗಳನ್ನು ಕುರಿತ 1993ರ ಭಾರತೀಯ ಮಾನಕವು ಮರದ ಕಟ್ಟಡವನ್ನು ಎರಡು ಅಂತಸ್ತುಗಳಿಗೆ ಸೀಮಿತಗೊಳಿಸಿದೆ.

ಈಶಾನ್ಯದ ಪಟ್ಟಣಗಳಲ್ಲಿ ಇಂದು ಅಸ್ಸಾಂ ಮಾದರಿಯ ಮನೆಗಳು ವಿರಳವಾಗುತ್ತಿವೆ. ಜನ ಹೆಚ್ಚಿ ನೆಲದ ಬೆಲೆ ಏರಿದಾಗ ಒಂದಂತಸ್ತಿನ ಮನೆ ಸಾಲದಾಯಿತು. ಕಾಡುಗಳೂ ಕರಗಿದ್ದವು, 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಕಾಡಿನ ಮರ ಕಡಿಯುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧಗಳನ್ನು ವಿಧಿಸಿತು. ಕಾಡನ್ನು ಕಡಿದು ಎಲ್ಲರಿಗೂ ಮರದ ಮನೆ ಕಟ್ಟಿಕೊಡಬೇಕೆಂದು ಯಾರೂ ವಾದಿಸಲಾರರು. ನೆಟ್ಟು ಬೆಳೆಸಿದ ಮರವನ್ನೂ ಬಿದಿರನ್ನೂ ಬಳಸಬಹುದು. ಆದರೆ ಹಳೆಯ ಮನೆಯನ್ನು ಕೆಡವಿದವರು ಹೆಚ್ಚಾಗಿ ಕಟ್ಟಿದ್ದು ಕಾಂಕ್ರೀಟಿನ ಕಂಬಗಳ ಮನೆಗಳನ್ನು. ಕಾಂಕ್ರೀಟಿನದೂ ಚೌಕಟ್ಟೇ; ನಿಯಮದಂತೆ ಕಟ್ಟಿದರೆ ಅದೂ ಭದ್ರ. ಕಬ್ಬಿಣವನ್ನು ಕಡಿಮೆ ಮಾಡಿ, ಇಳಿಜಾರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದರೆ ಅದು ಭಾರವಾದ ಅಪಾಯ. 2011ರ ಸೆಪ್ಟೆಂಬರ್ 18ರಂದು ಸಿಕ್ಕಿಂ ಸೀಮೆಯಲ್ಲಿ 6.9 ಪ್ರಮಾಣದ ಭೂಕಂಪವಾದಾಗ ಅಲ್ಲಿಗೆ ಹೋಗಿ ಪರಿಶೀಲಿಸಿದ ಎಂಜಿನಿಯರುಗಳು, ಹೊಸ ಕಾಂಕ್ರೀಟ್ ಕಟ್ಟಡಗಳು ಸೀಳಿ ವಾಲಿದ್ದನ್ನೂ, ಇಕ್ರಾ ತಡಿಕೆಯ ಹಳೆಯ ಮನೆಗಳೂ ಶಾಲೆಗಳೂ ನೆಟ್ಟಗೆ ನಿಂತಿದ್ದನ್ನೂ ಕಂಡರು. ಷಿಲ್ಲಾಂಗಿನಲ್ಲಿ ಆದಂತೆಯೇ ಇಲ್ಲಿಯೂ ಅಂತಹ ಮನೆಗಳ ಗಾರೆ ಅಲ್ಲಲ್ಲಿ ಉದುರಿತ್ತು. ಅದನ್ನು ಮತ್ತೆ ಮೆತ್ತಿಕೊಂಡರೆ ಮುಗಿಯಿತು.