ಲ್ಯಾಪ್‌ಟಾಪ್ ಕೈಕೊಟ್ಟಾಗ: ಕೊಂಢವಾದಲ್ಲಿರುವ ನಮ್ಮ ಮಕ್ಕಳಿಗೆ ಕಿವಿಮಾತು

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಕೊಂಢವಾ, ಎನ್‌ಐಬಿಎಂ ರಸ್ತೆ, ಉಂಡ್ರಿಯಲ್ಲಿ ರೂಮು ಹಿಡಿದಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಓದು, ಕೆಲಸ ಎರಡೂ ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್ಟನ್ನೇ ನೆಚ್ಚಿಕೊಂಡಿವೆ. ಅವು ಕೆಟ್ಟ ದಿನ ಗಾಬರಿಯಾಗಿ ಅಂಗಡಿಗೆ ಓಡಬೇಡಿ. ದೋಷ ಎಲ್ಲಿದೆ ಎಂದು ಮೊದಲು ಪತ್ತೆಮಾಡಿ, ಆಮೇಲೆ ದುಡ್ಡು ಬಿಚ್ಚಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದರೆ ಕೆಟ್ಟದ್ದು ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ತಕರಾರು

• ಆನ್ ಆಗದಿದ್ದರೆ: ಅದೇ ಪ್ಲಗ್ಗಿಗೆ ಫೋನ್ ಹಾಕಿ ಕರೆಂಟ್ ಇದೆಯೇ ನೋಡಿ. ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿಹಿಡಿದು ಬಿಡಿ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

• ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿದ್ದರೆ: ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ಬೆಳಕು ಹೋಗಿದೆ. ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿಯೂ ನೋಡಿ. ಟಿವಿಯಲ್ಲಿ ಸರಿಯಾಗಿ ಬಂದರೆ ದೋಷ ಹೆಚ್ಚಾಗಿ ಪರದೆಯದು ಅಥವಾ ಅದರ ಕೇಬಲ್ಲಿನದು. ಆಗ ಯಾರಾದರೂ 'ಮದರ್‌ಬೋರ್ಡ್ ಹೋಗಿದೆ' ಎಂದರೆ ಒಪ್ಪುವ ಮೊದಲು ಇನ್ನೊಬ್ಬರನ್ನು ಕೇಳಿ.

• ಹೊಸ ಚಾರ್ಜರ್ ಕೊಳ್ಳುವಾಗ: ಹಳೆಯದರ ಚೀಟಿಯಲ್ಲಿ 'ಔಟ್‌ಪುಟ್' ಓದಿಕೊಳ್ಳಿ. ದುಂಡು ಪಿನ್ನಿನದಾದರೆ ಪಿನ್ನಿನ ಅಳತೆ, ವೋಲ್ಟು ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಆಗಬಾರದು. 19 ವೋಲ್ಟು, 3.42 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನದು. ಟೈಪ್-ಸಿ ಲ್ಯಾಪ್‌ಟಾಪಿಗೆ 18 ವ್ಯಾಟಿನ ಫೋನ್ ಚಾರ್ಜರ್ ಹಾಕಿ 'ಚಾರ್ಜ್ ಏರುತ್ತಿಲ್ಲ' ಎಂದು ಬ್ಯಾಟರಿಯನ್ನು ದೂರಬೇಡಿ.

• ಬಿಸಿಯಾದರೆ: ನಮ್ಮ ಕಡೆ ಕಟ್ಟಡ ಮತ್ತು ರಸ್ತೆ ಕೆಲಸದ ಧೂಳು ಬಹಳ. ಹಾಸಿಗೆಯ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ, ಫ್ಯಾನು ಅರಚುತ್ತದೆ, ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಗಟ್ಟಿ ಮೇಜಿನ ಮೇಲಿಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಿ.

• ಬ್ಯಾಟರಿ ಊದಿದರೆ: ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ, ಚಾರ್ಜ್ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ, ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ. ತಿಳಿದವರಿಂದಲೇ ತೆಗೆಸಿ. ಹಳೆಯದನ್ನು ಕಸದ ಡಬ್ಬಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಡಬ್ಬಿಯ ಕಸ ವಿಂಗಡಿಸುವುದು ಬಡವರ ಕೈ ಎಂಬುದು ನೆನಪಿರಲಿ.

• ಚಹಾ ಚೆಲ್ಲಿದರೆ: ಪವರ್ ಬಟನ್ ಒತ್ತಿಹಿಡಿದು ಆರಿಸಿ, ಚಾರ್ಜರ್ ಕಿತ್ತು, ತೆರೆದಂತೆಯೇ ಬೋರಲು ಹಾಕಿ. ಅಕ್ಕಿಯಲ್ಲಿ ಹೂಳುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. 'ಆಯಿತೇನೋ' ಎಂದು ನಡುವೆ ಆನ್ ಮಾಡಿದರೆ ಉಳಿದದ್ದೂ ಸುಟ್ಟೀತು. ಹಾಗೆಯೇ ರಿಪೇರಿಗೆ ಒಯ್ಯಿರಿ.

ಇಂಟರ್‌ನೆಟ್ ತಕರಾರು

• ಮೊದಲ ಪರೀಕ್ಷೆ: ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ. ನಡೆದರೆ ಲ್ಯಾಪ್‌ಟಾಪ್ ಸರಿಯಿದೆ, ತೊಂದರೆ ಮನೆಯ ಸಂಪರ್ಕದ್ದು. ನಂತರ ರೌಟರಿಗೆ ಲ್ಯಾನ್ ಕೇಬಲ್ ಹಾಕಿ. ಕೇಬಲ್ಲಿನಲ್ಲಿ ವೇಗ ಬಂದು ವೈಫೈಯಲ್ಲಿ ಬಾರದಿದ್ದರೆ ಕಂಪನಿಯ ತಪ್ಪಲ್ಲ, ವೈಫೈ ಸರಿಪಡಿಸಿ.

• ದೀಪ ನೋಡಿ: ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ. ಫೈಬರ್ ಎಲ್ಲಾದರೂ ಮಡಚಿದೆಯೇ ನೋಡಿ, ಇಲ್ಲದಿದ್ದರೆ ದೂರು ಕೊಟ್ಟು ದೂರಿನ ನಂಬರ್ ಬರೆದಿಡಿ. ರೌಟರನ್ನು ಎಷ್ಟು ಸಲ ಆರಿಸಿ ಹಾಕಿದರೂ ಉಪಯೋಗವಿಲ್ಲ.

• ವೈಫೈ ನಿಧಾನವಾದರೆ: ದೊಡ್ಡ ಸೊಸಾಯಿಟಿಗಳಲ್ಲಿ ಎಲ್ಲರ ಮನೆಯ 2.4 ಗಿಗಾಹರ್ಟ್ಸ್ ಒಂದರ ಮೇಲೊಂದು ಬೀಳುತ್ತದೆ. ರೌಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಹಿಡಿಯಿರಿ. ಎರಡು ಗೋಡೆ ದಾಟಬೇಕಾದರೆ 2.4 ಮೇಲು, ಅದರಲ್ಲಿ 1, 6, 11 ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ. ರೌಟರನ್ನು ಕಪಾಟಿನೊಳಗೆ ಇಡಬೇಡಿ.

• ವೈಫೈ ಇದೆ, ಆದರೆ ಪುಟ ತೆರೆಯುತ್ತಿಲ್ಲ: ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಬ್ಯಾಂಕಿನಂಥ ಸುರಕ್ಷಿತ ಪುಟಗಳು ತೆರೆಯುವುದಿಲ್ಲ.

• ಕರೆಂಟ್ ಮತ್ತು ಸಿಡಿಲು: ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರ. ಆ ದಿನ ಸಂದರ್ಶನ, ಪರೀಕ್ಷೆ ಇದ್ದರೆ ಹಿಂದಿನ ರಾತ್ರಿಯೇ ಎಲ್ಲ ಚಾರ್ಜ್ ಮಾಡಿಡಿ. 12 ವೋಲ್ಟಿನ ರೌಟರಿಗೆ ಸಣ್ಣ ಯುಪಿಎಸ್ ಸಿಗುತ್ತದೆ, ಕೊಳ್ಳಿರಿ. ಮೇ ತಿಂಗಳ ಗುಡುಗು ಮಳೆಯಲ್ಲಿ ಲ್ಯಾಪ್‌ಟಾಪ್, ರೌಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ.

ಅಂಗಡಿಗೆ ಹೋಗುವ ಮೊದಲು

• ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋದರೂ, ಮನೆ ಹತ್ತಿರದ ಅಂಗಡಿಗೆ ಹೋದರೂ ಸೀರಿಯಲ್ ನಂಬರ್, ರ‍್ಯಾಮ್, ಎಸ್‌ಎಸ್‌ಡಿ ಎಷ್ಟೆಂದು ರಸೀದಿಯಲ್ಲಿ ಬರೆಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ.

• ಗೂಗಲ್‌ನಲ್ಲಿ ಸಿಕ್ಕ 'ಕಸ್ಟಮರ್ ಕೇರ್' ನಂಬರಿಗೆ ಕರೆ ಮಾಡಬೇಡಿ. ಬಿಲ್ಲಿನಲ್ಲಿರುವ ನಂಬರನ್ನೇ ಬಳಸಿ. ಪರದೆ ಹಂಚುವ ಆ್ಯಪ್ ಹಾಕಿರಿ ಎಂದವರು ಮೋಸಗಾರರು ಎಂದೇ ತಿಳಿಯಿರಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿಯವರು ಅನ್ಯಾಯ ಮಾಡಿದರೆ ಗ್ರಾಹಕ ಸಹಾಯವಾಣಿ 1915.

• ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಮದರ್‌ಬೋರ್ಡ್ ಬದಲಿಸಿದ ಮೇಲೆ 48 ಅಂಕಿಗಳ ಕೀ ಕೇಳುತ್ತದೆ. ಅದಿಲ್ಲದೆ ಫೈಲುಗಳು ನಿಮಗೂ ಸಿಗವು. ಇಂದೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಡಿ.

• ಕೊನೆಯದಾಗಿ, ಪ್ರಾಜೆಕ್ಟು, ಅಂಕಪಟ್ಟಿ, ಮನೆಯವರ ಫೋಟೋ, ಇವುಗಳ ಇನ್ನೊಂದು ಪ್ರತಿ ಲ್ಯಾಪ್‌ಟಾಪಿನ ಹೊರಗೆ ಇರಲೇಬೇಕು. ಪ್ರತಿ ಭಾನುವಾರ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಮಾಡಿದ ಮೇಲೆ ಒಂದು ಫೈಲನ್ನಾದರೂ ತೆರೆದು ನೋಡಿ. ಮೇಲಿನದೆಲ್ಲ ಮರೆತರೂ ಇದೊಂದನ್ನು ಬಿಡಬೇಡಿ.