ಅರ್ಧಕ್ಕೆ ನಿಂತ ಆಟದ ಲೆಕ್ಕ ಚುಕ್ತಾ: ಟೆನಿಸ್ ಬಾಜಿಯ ನಿಯಮಗಳಿಂದ ವ್ಯಾಪಾರಿಗೆ ಒಂದು ಪಾಠ

ಕರಾರಿನಂತೆ ಕೆಲಸ ಮುಗಿದಾಗ ಲೆಕ್ಕ ಚುಕ್ತಾ ಮಾಡುವುದು ಕಷ್ಟವಲ್ಲ. ಕೆಲಸ ನಡುವೆ ನಿಂತಾಗ, ಅದರಲ್ಲಿಯೂ ಯಾರ ತಪ್ಪೂ ಇಲ್ಲದೆ ನಿಂತಾಗ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ವಾಣಿಜ್ಯ ವ್ಯವಹಾರದ ಬಹು ಹಳೆಯ ತಕರಾರು. ಈ ತಕರಾರು ಅತ್ಯಂತ ಸ್ಪಷ್ಟವಾಗಿ ಕಾಣಸಿಗುವುದು, ಬಾಜಿ ಕಟ್ಟುವುದು ಕಾನೂನುಬದ್ಧವಾಗಿರುವ ಬ್ರಿಟನ್ನಿನಂತಹ ದೇಶಗಳಲ್ಲಿ ಟೆನಿಸ್ ಪಂದ್ಯಗಳ ಮೇಲೆ ನಡೆಯುವ ಪಣದ ವ್ಯವಹಾರದಲ್ಲಿ. ಅಲ್ಲಿ ಸರಕಿನ ಗುಣಮಟ್ಟದ ವಿವಾದವಿಲ್ಲ, ಸಾಗಣೆಯ ವಿಳಂಬವಿಲ್ಲ. ಆಟಗಾರನೊಬ್ಬ ಗಾಯಗೊಂಡು ಪಂದ್ಯವನ್ನು ನಡುವೆಯೇ ಬಿಟ್ಟರೆ ಪಣದ ಹಣ ಯಾರದ್ದು ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಭಾರತದ ವ್ಯಾಪಾರಿಗೆ ಈ ವ್ಯವಹಾರ ಅನುಕರಣೀಯವಲ್ಲ. ಆದರೆ ಅದರ ನಿಯಮಗಳು ಅಧ್ಯಯನಯೋಗ್ಯ.

ಪ್ರಶ್ನೆ ಹುಟ್ಟುವ ಬಗೆ

2025ರ ಜುಲೈ 7ರಂದು ವಿಂಬಲ್ಡನ್ ನಾಲ್ಕನೆಯ ಸುತ್ತಿನಲ್ಲಿ ಬಲ್ಗೇರಿಯದ ಗ್ರಿಗೋರ್ ಡಿಮಿಟ್ರೋವ್, ಇಟಲಿಯ ಯಾನಿಕ್ ಸಿನ್ನರ್ ವಿರುದ್ಧ 6-3, 7-5ರಿಂದ ಎರಡು ಸೆಟ್ ಗೆದ್ದಿದ್ದರು. ಮೂರನೆಯ ಸೆಟ್ 2-2ರಲ್ಲಿದ್ದಾಗ ಅವರ ಎದೆಯ ಸ್ನಾಯುವಿಗೆ ಪೆಟ್ಟಾಗಿ ಪಂದ್ಯವನ್ನು ಬಿಡಬೇಕಾಯಿತು. ಮುಂದಿನ ಸುತ್ತಿಗೆ ಹೋದ ಸಿನ್ನರ್ ಆ ವರ್ಷದ ಪ್ರಶಸ್ತಿಯನ್ನೂ ಗೆದ್ದರು.

ಆಟದ ದಾಖಲೆಯಲ್ಲಿ ಇದು ಸಿನ್ನರ್ ಗೆಲುವು, ಅದರಲ್ಲಿ ಸಂದೇಹವಿಲ್ಲ. ಆದರೆ ಡಿಮಿಟ್ರೋವ್ ಪರವಾಗಿ ಹಣ ಕಟ್ಟಿದವನು ತನ್ನ ಅಂದಾಜು ಸರಿಯಾಗಿತ್ತು, ದೇಹ ಕೈಕೊಟ್ಟಿತು ಎಂದು ವಾದಿಸಬಲ್ಲ. ಸಿನ್ನರ್ ಪರವಾಗಿ ಕಟ್ಟಿದವನು ದೇಹದಾರ್ಢ್ಯವೂ ಆಟದ ಭಾಗವೇ, ಮೈದಾನದಲ್ಲಿ ಉಳಿದವನೇ ಗೆದ್ದವನು ಎಂದು ಉತ್ತರಿಸಬಲ್ಲ. ಎರಡು ವಾದಗಳಲ್ಲಿಯೂ ಹುರುಳಿದೆ. ಆದುದರಿಂದಲೇ ನಿರ್ಣಯವನ್ನು ಪಂದ್ಯ ನಿಂತ ಮೇಲೆ ಹುಡುಕಲು ಹೊರಟರೆ ಅದು ಎಂದಿಗೂ ದೊರೆಯದು.

ಬಳಕೆಯಲ್ಲಿರುವ ನಾಲ್ಕು ನಿಯಮಗಳು

ಬಾಜಿ ಸಂಸ್ಥೆಗಳು ಈ ಪ್ರಶ್ನೆಗೆ ಒಂದೇ ಉತ್ತರ ನೀಡಿಲ್ಲ. ಸ್ಥೂಲವಾಗಿ ನಾಲ್ಕು ಬಗೆಯ ನಿಯಮಗಳು ಕಂಡುಬರುತ್ತವೆ.

1. ಮೊದಲ ಚೆಂಡಿನ ನಿಯಮ: ಆಟ ಒಮ್ಮೆ ಆರಂಭವಾದರೆ ಸಾಕು, ಮುಂದಿನ ಸುತ್ತಿಗೆ ಹೋದವನೇ ವಿಜೇತ. ಪಣ ಊರ್ಜಿತ.

2. ಒಂದು ಸೆಟ್ ನಿಯಮ: ಕನಿಷ್ಠ ಒಂದು ಸೆಟ್ ಮುಗಿದಿದ್ದರೆ ಪಣ ಊರ್ಜಿತ, ಇಲ್ಲವಾದರೆ ಕಟ್ಟಿದ ಹಣ ವಾಪಸು.

3. ಎರಡು ಸೆಟ್ ನಿಯಮ: ಮೇಲಿನಂತೆಯೇ, ಆದರೆ ಎರಡು ಸೆಟ್ ಮುಗಿದಿರಬೇಕು.

4. ಪೂರ್ಣ ಪಂದ್ಯದ ನಿಯಮ: ಪಂದ್ಯ ಕೊನೆಯವರೆಗೂ ನಡೆದರೆ ಮಾತ್ರ ಪಣ ಊರ್ಜಿತ, ನಡುವೆ ನಿಂತರೆ ಎಲ್ಲ ಪಣವೂ ರದ್ದು.

ಡಿಮಿಟ್ರೋವ್ ಪಂದ್ಯದಲ್ಲಿ ಮೊದಲ ಮೂರು ನಿಯಮಗಳ ಪ್ರಕಾರ ಸಿನ್ನರ್ ಪರವಾಗಿ ಕಟ್ಟಿದವನಿಗೆ ಹಣ ಸಲ್ಲುತ್ತದೆ. ನಾಲ್ಕನೆಯದರ ಪ್ರಕಾರ ಎಲ್ಲರಿಗೂ ಕಟ್ಟಿದ ಹಣ ಮಾತ್ರ ವಾಪಸು. ಅದೇ ವರ್ಷದ ಜನವರಿ 24ರಂದು ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಮೊದಲ ಸೆಟ್ಟನ್ನು ಟೈಬ್ರೇಕರ್‌ನಲ್ಲಿ ಸೋತ ಕೂಡಲೇ ಪಂದ್ಯ ಬಿಟ್ಟರು. ಅಲ್ಲಿ ಮೊದಲ ಎರಡು ನಿಯಮಗಳ ಪ್ರಕಾರ ಎದುರಾಳಿ ಅಲೆಕ್ಸಾಂಡರ್ ಜ್ವೆರೆವ್ ಪರವಾಗಿ ಕಟ್ಟಿದವರು ಗೆದ್ದರು. ಉಳಿದೆರಡರ ಪ್ರಕಾರ ಪಣ ರದ್ದು. ಜೊಕೊವಿಚ್ ಒಂದೆರಡು ಪಾಯಿಂಟ್ ಮೊದಲೇ ಆಟ ನಿಲ್ಲಿಸಿದ್ದರೆ ಒಂದು ಸೆಟ್ ನಿಯಮದಲ್ಲಿಯೂ ಪಣ ರದ್ದಾಗುತ್ತಿತ್ತು. ಒಂದೇ ಘಟನೆ, ನಿಯಮಕ್ಕೆ ತಕ್ಕಂತೆ ಬೇರೆ ಬೇರೆ ಫಲ. ಹಾಗಾದರೆ ನ್ಯಾಯವಾದ ನಿಯಮ ಯಾವುದು?

ದರವೂ ನಿಯಮವೂ ಒಂದೇ ನಾಣ್ಯದ ಎರಡು ಮುಖ

ಇಲ್ಲಿ ಲೆಕ್ಕಿಗನ ದೃಷ್ಟಿ ಉಪಯುಕ್ತ. ಉದಾಹರಣೆಗಾಗಿ ಅ ಮತ್ತು ಬ ಎಂಬ ಇಬ್ಬರು ಆಟಗಾರರನ್ನು ಕಲ್ಪಿಸಿಕೊಳ್ಳಬಹುದು. ಅವರು ನೂರು ಪಂದ್ಯಗಳನ್ನು ಆಡಿದರೆ 57ರಲ್ಲಿ ಅ, 38ರಲ್ಲಿ ಬ ಪೂರ್ಣ ಆಟ ಆಡಿ ಗೆಲ್ಲುತ್ತಾರೆ ಎಂದಿರಲಿ. ಉಳಿದ ಐದರಲ್ಲಿ ನಾಲ್ಕು ಸಲ ಅ, ಒಂದು ಸಲ ಬ ನಡುವೆ ಆಟ ಬಿಡುತ್ತಾರೆ. ಅ ಸಮರ್ಥ, ಆದರೆ ಗಾಯದ ಭಯವುಳ್ಳವನು.

ಮೊದಲ ಚೆಂಡಿನ ನಿಯಮದಲ್ಲಿ ಅ ನೂರಕ್ಕೆ 58 ಸಲ, ಬ 42 ಸಲ ವಿಜೇತ. ಸಂಸ್ಥೆಯ ಲಾಭಾಂಶವನ್ನು ಬದಿಗಿಟ್ಟರೆ 100 ಪೌಂಡ್ ಪಣಕ್ಕೆ, ಪಣವೂ ಸೇರಿ, ಅ ಪರವಾಗಿ ಸುಮಾರು 172 ಪೌಂಡ್, ಬ ಪರವಾಗಿ ಸುಮಾರು 238 ಪೌಂಡ್ ಕೊಡುವುದು ಸರಿಯಾದ ದರ. ಪೂರ್ಣ ಪಂದ್ಯದ ನಿಯಮದಲ್ಲಿ 95 ಪಂದ್ಯಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಅವುಗಳಲ್ಲಿ ಅ ಶೇ. 60, ಬ ಶೇ. 40. ಆಗ ಸರಿಯಾದ ದರ ಕ್ರಮವಾಗಿ ಸುಮಾರು 167 ಮತ್ತು 250 ಪೌಂಡ್.

ಇದರಿಂದ ಸ್ಪಷ್ಟವಾಗುವುದೇನೆಂದರೆ, ನಿಯಮವು ನಷ್ಟದ ಹೊಣೆಯನ್ನು ಯಾರ ಮೇಲೆ ಹೊರಿಸುತ್ತದೆಯೋ ಅವರಿಗೆ ದರದಲ್ಲಿ ಅದರ ಪ್ರತಿಫಲ ದೊರೆಯುತ್ತದೆ. ಅ ಗಾಯಗೊಳ್ಳುವ ಅಪಾಯವನ್ನು ಹೊತ್ತವನಿಗೆ 167ರ ಬದಲು 172. ದರ ಮತ್ತು ನಿಯಮ ಹೊಂದಿಕೊಂಡಿದ್ದರೆ ಎರಡೂ ನ್ಯಾಯವೇ.

ಅನ್ಯಾಯ ಹುಟ್ಟುವುದು ಒಂದು ನಿಯಮದ ದರದಲ್ಲಿ ಹಣ ಪಡೆದು ಇನ್ನೊಂದು ನಿಯಮದಲ್ಲಿ ಲೆಕ್ಕ ಚುಕ್ತಾ ಮಾಡಿದಾಗ. ಪಂದ್ಯ ನಿಂತರೆ ಹಣ ವಾಪಸು ಬರುತ್ತದೆಂದು ತಿಳಿದು ಅ ಪರವಾಗಿ 167ರ ದರ ಒಪ್ಪಿದವನಿಗೆ ಮೊದಲ ಚೆಂಡಿನ ನಿಯಮ ಅನ್ವಯಿಸಿದರೆ, ನೂರು ಪಂದ್ಯಗಳಲ್ಲಿ ಅವನು ಕಟ್ಟುವುದು 10,000 ಪೌಂಡ್, ಹಿಂದೆ ಪಡೆಯುವುದು 58 ಬಾರಿ 167, ಎಂದರೆ 9,686 ಪೌಂಡ್. 314 ಪೌಂಡ್ ಕೊರತೆ ಯಾವ ಮೋಸವೂ ಇಲ್ಲದೆ, ಕೇವಲ ನಿಯಮದ ಅಜ್ಞಾನದಿಂದ ಉಂಟಾದದ್ದು. ಷರತ್ತು ಓದದೆ ಕೇವಲ ದರ ನೋಡಿ ಸಹಿ ಹಾಕುವ ವ್ಯಾಪಾರಿಯ ಸ್ಥಿತಿಯೂ ಇದೇ.

ಕೀಲಿ ಯಾರ ಕೈಯಲ್ಲಿದೆ?

ದರ ಸರಿಹೊಂದಿದರೂ ಇನ್ನೊಂದು ಪರೀಕ್ಷೆ ಉಳಿಯುತ್ತದೆ. ಲೆಕ್ಕವನ್ನು ತಿರುಗಿಸುವ ಘಟನೆ ಒಬ್ಬ ವ್ಯಕ್ತಿಯ ಇಚ್ಛೆಗೆ ಒಳಪಟ್ಟಿದೆಯೇ? ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಆಟ ಬಿಡುವ ತೀರ್ಮಾನ ಆಟಗಾರನದು. ಅವನ ಗಾಯದ ನಿಜಸ್ಥಿತಿ ಅವನಿಗೂ ಅವನ ಸುತ್ತಲಿನವರಿಗೂ ಮೊದಲೇ ಗೊತ್ತು.

2007ರ ಆಗಸ್ಟ್ 2ರಂದು ಪೋಲೆಂಡಿನ ಸೊಪೋಟ್ ನಗರದಲ್ಲಿ ನಡೆದ ಪಂದ್ಯ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಆಗ ವಿಶ್ವದ ನಾಲ್ಕನೆಯ ಶ್ರೇಯಾಂಕದಲ್ಲಿದ್ದ ರಷ್ಯದ ನಿಕೊಲಾಯ್ ಡೇವಿಡೆಂಕೊ, ತಮಗಿಂತ ಬಹಳ ಕೆಳಗಿನ ಶ್ರೇಯಾಂಕದ ಅರ್ಜೆಂಟೀನದ ಮಾರ್ಟಿನ್ ವಸಾಲೊ ಅರ್ಗ್ವೆಲ್ಲೊ ವಿರುದ್ಧ ಮೊದಲ ಸೆಟ್ ಗೆದ್ದು, ಎರಡನೆಯದನ್ನು ಸೋತು, ಮೂರನೆಯದರಲ್ಲಿ 1-2 ಆಗಿದ್ದಾಗ ಪಾದದ ಗಾಯದಿಂದ ಹಿಂದೆ ಸರಿದರು. ಗ್ರಾಹಕರು ಪರಸ್ಪರರ ವಿರುದ್ಧ ಪಣ ಕಟ್ಟುವ ವಿನಿಮಯ ಕೇಂದ್ರವಾದ ಬೆಟ್‌ಫೇರ್‌ನಲ್ಲಿ ಈ ಒಂದು ಪಂದ್ಯದ ಮೇಲೆ ಸುಮಾರು 70 ಲಕ್ಷ ಡಾಲರ್ ಹರಿದಿತ್ತು. ಡೇವಿಡೆಂಕೊ ಮೊದಲ ಸೆಟ್ ಗೆದ್ದ ಮೇಲೂ ಹಣ ಎದುರಾಳಿಯ ಕಡೆಗೇ ಹೋಗುತ್ತಿತ್ತು. ಬೆಟ್‌ಫೇರ್ ಆ ಪಂದ್ಯದ ಪಣಗಳನ್ನೆಲ್ಲ ರದ್ದುಗೊಳಿಸಿತು. ವೃತ್ತಿಪರ ಆಟಗಾರರ ಸಂಘವಾದ ಎಟಿಪಿ ಒಂದು ವರ್ಷಕ್ಕೂ ಮೇಲ್ಪಟ್ಟು ತನಿಖೆ ನಡೆಸಿ, 2008ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಆಟಗಾರರನ್ನೂ ಆರೋಪಮುಕ್ತಗೊಳಿಸಿತು.

ಇಲ್ಲಿ ಆಟಗಾರರ ಮೇಲೆ ದೋಷ ಸ್ಥಾಪಿತವಾಗಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಪಾಠ ನಿಯಮಕ್ಕೆ ಸಂಬಂಧಿಸಿದ್ದು. ಪಣ ಊರ್ಜಿತವಾಗುವ ನಿಯಮದಲ್ಲಿ, ಆಟಗಾರ ಹಿಂದೆ ಸರಿಯುವ ಸುದ್ದಿ ಮೊದಲೇ ತಿಳಿದವನು ಎದುರಾಳಿಯ ಪರವಾಗಿ ಕಟ್ಟಿ ಪೂರ್ಣ ಲಾಭ ಪಡೆಯಬಲ್ಲ. ಹಾಗೆಂದು ಪೂರ್ಣ ಪಂದ್ಯದ ನಿಯಮ ನಿರ್ದೋಷವಲ್ಲ. ಅಲ್ಲಿ ಸೋಲುವ ಅಂಚಿನಲ್ಲಿರುವ ಆಟಗಾರ ಕೊನೆಯ ಗೇಮ್‌ಗೆ ಮುಂಚೆ ಹಿಂದೆ ಸರಿದರೆ ತನ್ನ ಪರವಾಗಿ ಕಟ್ಟಿದವರ ಹಣವನ್ನು ಉಳಿಸಿದಂತಾಗುತ್ತದೆ. ಎದುರಾಳಿಯ ಪರವಾಗಿದ್ದವರ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಆದರೂ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕುತಂತ್ರದಿಂದ ಹೊಸ ಲಾಭ ಗಳಿಸಬಹುದು. ಎರಡನೆಯದರಲ್ಲಿ ಹೆಚ್ಚೆಂದರೆ ಹೋಗಲಿದ್ದ ಅಸಲನ್ನು ಹಿಂದೆ ಪಡೆಯಬಹುದು. ಒಂದು ಸೆಟ್, ಎರಡು ಸೆಟ್ ನಿಯಮಗಳು ಈ ಎರಡರ ನಡುವಣ ರಾಜಿ. ಅವು ದೋಷವನ್ನು ನಿವಾರಿಸುವುದಿಲ್ಲ, ಗೆರೆಯನ್ನು ಸ್ಥಳಾಂತರಿಸುತ್ತವೆ.

ಕಾನೂನು ಮತ್ತು ಮೂಲದಲ್ಲಿನ ತಿದ್ದುಪಡಿ

ಇಂಗ್ಲೆಂಡಿನಲ್ಲಿ 1845ರ ಗೇಮಿಂಗ್ ಕಾಯಿದೆಯಂತೆ ಪಣದ ಕರಾರು ಅನೂರ್ಜಿತವಾಗಿತ್ತು. ಗೆದ್ದವನು ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. 2005ರ ಗ್ಯಾಂಬ್ಲಿಂಗ್ ಕಾಯಿದೆ ಇದನ್ನು ಬದಲಿಸಿತು. ಸೊಪೋಟ್ ಪಂದ್ಯದ ಮರುತಿಂಗಳು, 2007ರ ಸೆಪ್ಟೆಂಬರ್ 1ರಿಂದ, ಪಣವೂ ಜಾರಿಗೊಳಿಸಬಹುದಾದ ಕರಾರಾಯಿತು. ಅದರ ಜೊತೆಗೇ, ಪಣವೊಂದು ಗಣನೀಯವಾಗಿ ಅನ್ಯಾಯದ್ದೆಂದು ಕಂಡರೆ ಅದನ್ನು ಅನೂರ್ಜಿತಗೊಳಿಸುವ ಅಧಿಕಾರವನ್ನು ಕಲಂ 336 ಗ್ಯಾಂಬ್ಲಿಂಗ್ ಆಯೋಗಕ್ಕೆ ನೀಡಿತು. ಹಣ ಹಿಡಿದ ಸಂಸ್ಥೆಯೇ ನ್ಯಾಯಾಧೀಶನೂ ಆಗುವ ಇಕ್ಕಟ್ಟಿಗೆ ಹೊರಗಿನ ಪ್ರಾಧಿಕಾರವೊಂದು ಪರಿಹಾರ.

ಇನ್ನೊಂದು ತಿದ್ದುಪಡಿ ಆಟದ ಒಳಗಿನಿಂದಲೇ ಬಂದಿತು. 2017ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಸೋತವರಿಗೂ 35,000 ಪೌಂಡ್ ಬಹುಮಾನವಿತ್ತು. ಆ ಜುಲೈ 4ರಂದು ಸೆಂಟರ್ ಕೋರ್ಟಿನಲ್ಲಿ ಜೊಕೊವಿಚ್ ಮತ್ತು ರೋಜರ್ ಫೆಡರರ್ ಇಬ್ಬರ ಎದುರಾಳಿಗಳೂ ಎರಡನೆಯ ಸೆಟ್ಟಿನಲ್ಲಿಯೇ ಆಟ ಬಿಟ್ಟರು. ಗಾಯವಿದ್ದರೂ ಅಂಗಳಕ್ಕಿಳಿದರೆ ಮಾತ್ರ ಹಣ ಎಂಬ ಪದ್ಧತಿ ಚರ್ಚೆಗೆ ಬಂದಿತು. 2018ರಿಂದ ಗ್ರ್ಯಾಂಡ್ ಸ್ಲಾಂ ಪಂದ್ಯಾವಳಿಗಳಲ್ಲಿ, ಸ್ಥಳಕ್ಕೆ ಬಂದು ಮೊದಲ ಸುತ್ತಿಗೆ ಮುಂಚೆಯೇ ಅನಾರೋಗ್ಯದಿಂದ ಹಿಂದೆ ಸರಿಯುವವನಿಗೆ ಮೊದಲ ಸುತ್ತಿನ ಬಹುಮಾನದ ಅರ್ಧ, ಬದಲಿ ಆಟಗಾರನಿಗೆ ಉಳಿದರ್ಧ ಎಂದಾಯಿತು. ಅರ್ಧಕ್ಕೆ ನಿಲ್ಲುವ ಪಂದ್ಯಗಳಿಗೆ ಶಿಕ್ಷೆಯೊಂದೇ ಮದ್ದಲ್ಲ. ಪ್ರಾಮಾಣಿಕವಾಗಿ ಮೊದಲೇ ಹೇಳುವವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೂ ಮದ್ದೇ.

ಮುಗಿದ ಭಾಗದ ಲೆಕ್ಕ

ಪಣಗಳಲ್ಲಿ ಇಡೀ ಪಂದ್ಯದ ಮೇಲಿನವು ಒಂದು ಬಗೆಯಾದರೆ, ಮೊದಲ ಸೆಟ್ ಯಾರದ್ದು ಎಂಬಂತಹವು ಇನ್ನೊಂದು ಬಗೆ. ಪಂದ್ಯ ನಿಲ್ಲುವ ಮೊದಲೇ ಅಂತಿಮವಾಗಿ ತೀರ್ಮಾನವಾಗಿರುವ ಪಣಗಳನ್ನು ಊರ್ಜಿತವೆಂದು ಪರಿಗಣಿಸುವ ಪದ್ಧತಿ ವ್ಯಾಪಕವಾಗಿದೆ. ಡಿಮಿಟ್ರೋವ್ ಮೊದಲ ಸೆಟ್ ಗೆಲ್ಲುತ್ತಾರೆಂದು ಕಟ್ಟಿದವನ ಗೆಲುವನ್ನು ಮುಂದಿನ ಗಾಯ ಅಳಿಸಲಾರದು. ನಾಲ್ಕು ನಿಯಮಗಳಿಗಿಂತಲೂ ಈ ವಿಭಜನೆಯೇ ಹೆಚ್ಚು ನ್ಯಾಯಸಮ್ಮತ. ಮುಗಿದದ್ದಕ್ಕೆ ಮುಗಿದ ಲೆಕ್ಕ, ಮುಗಿಯದ್ದಕ್ಕೆ ಮೊದಲೇ ಒಪ್ಪಿದ ನಿಯಮ.

ಇಲ್ಲಿನ ವ್ಯಾಪಾರಿಗೆ ಪಾಠ

ಭಾರತೀಯ ಕರಾರು ಕಾಯಿದೆ 1872ರ ಕಲಂ 30ರಂತೆ ಪಣದ ಕರಾರು ಅನೂರ್ಜಿತ. ಕುದುರೆ ಪಂದ್ಯದ ಕೆಲವು ಬಹುಮಾನಗಳಿಗಷ್ಟೇ ವಿನಾಯಿತಿ. ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದುದರಿಂದ ಬಾಜಿ ಇಲ್ಲಿ ವ್ಯವಹಾರವಲ್ಲ. ಆದರೆ ಅರ್ಧಕ್ಕೆ ನಿಲ್ಲುವ ಕರಾರು ಪ್ರತಿಯೊಂದು ಮಂಡಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಇದೆ.

ಸಣ್ಣ ತಯಾರಕನೊಬ್ಬ 1,000 ಬಿಡಿಭಾಗಗಳ ಬೇಡಿಕೆ ಪಡೆದು 600 ಪೂರೈಸಿದಾಗ ಕೆಲಸ ನಿಂತಿತೆನ್ನಿ. ಸರಕು ಮಾರಾಟ ಕಾಯಿದೆ 1930ರ ಕಲಂ 37ರಂತೆ ಕರಾರಿಗಿಂತ ಕಡಿಮೆ ಸರಕು ಬಂದರೆ ಖರೀದಿದಾರ ತಿರಸ್ಕರಿಸಬಹುದು. ಸ್ವೀಕರಿಸಿದರೆ ಕರಾರಿನ ದರದಲ್ಲಿ ಹಣ ಕೊಡಬೇಕು. ಪಾಲನೆ ಅಸಾಧ್ಯವಾದ ಕರಾರಿಗೆ ಕರಾರು ಕಾಯಿದೆಯ ಕಲಂ 56, ಪಡೆದ ಲಾಭವನ್ನು ಹಿಂತಿರುಗಿಸಲು ಕಲಂ 65 ಇವೆ. ಆದರೆ ಇವು ಜಗಳ ಬೆಳೆದ ಮೇಲಿನ ಆಸರೆಗಳು. ಕರಾರು ಬರೆಯುವಾಗಲೇ ಈ ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಲೇಸು:

1. ಕೆಲಸ ನಡುವೆ ನಿಂತರೆ ಏನು ಎಂಬ ಷರತ್ತು ಬರವಣಿಗೆಯಲ್ಲಿದೆಯೇ?

2. ಒಪ್ಪಿದ ದರದಲ್ಲಿ ಆ ಷರತ್ತಿನ ಹೊಣೆ ಲೆಕ್ಕಕ್ಕೆ ಬಂದಿದೆಯೇ?

3. ಕೆಲಸ ನಿಲ್ಲಿಸುವ ಕೀಲಿ ಒಂದೇ ಪಕ್ಷದ ಕೈಯಲ್ಲಿದ್ದು, ಆ ಪಕ್ಷಕ್ಕೇ ಅದರಿಂದ ಲಾಭವಾಗುವಂತಿದೆಯೇ?

4. ಮುಗಿದ ಭಾಗಗಳನ್ನು ಕಂತುಗಳಾಗಿ ಬೇರ್ಪಡಿಸಿ ಆಗಿಂದಾಗಲೇ ಚುಕ್ತಾ ಮಾಡುವ ಏರ್ಪಾಡಿದೆಯೇ?

ಸೋತವನಿಗೂ ಸಮಾಧಾನ ನೀಡುವ ನಿಯಮವನ್ನು ಟೆನಿಸ್ ಲೋಕ ಇನ್ನೂ ಕಂಡುಹಿಡಿದಿಲ್ಲ; ವ್ಯಾಪಾರದಲ್ಲಿಯೂ ಅದು ದೊರೆಯಲಾರದು. ಇಬ್ಬರೂ ಮೊದಲೇ ತಿಳಿದು, ಇಬ್ಬರಿಗೂ ಸಮನಾಗಿ ಅನ್ವಯವಾಗುವ, ದರದಲ್ಲಿ ಪ್ರತಿಫಲಿಸಿದ ನಿಯಮವನ್ನು ಫಲ ಕಹಿಯಾದಾಗಲೂ ಪಾಲಿಸುವುದೇ ವ್ಯವಹಾರದಲ್ಲಿ ದೊರೆಯಬಹುದಾದ ನ್ಯಾಯ.