ಹಳೆಯ ಮನೆ, ಹೊಸ ವಿನ್ಯಾಸ: ಇದ್ದದ್ದನ್ನು ಇದ್ದಂತೆ ದಾಖಲಿಸುವುದು

ಪಿಯುಸಿ ಮುಗಿಸಿ ಸಿವಿಲ್ ಅಥವಾ ಆರ್ಕಿಟೆಕ್ಚರ್ ಕಡೆಗೆ ಹೋಗಬೇಕೆಂದಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸುವ ಕನಸು ಕಾಣುತ್ತಾರೆ. ಆದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳೆಯ ಓಣಿಗಳಲ್ಲಿ ಕಾಯುತ್ತಿರುವ ಕೆಲಸ ಬೇರೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ-ಜಂತಿಯ ಮಣ್ಣಿನ ಮಾಳಿಗೆ, ಹಿಂದೆ ಸ್ಲ್ಯಾಬಿನ ಒಂದು ಕೋಣೆ, ಪಕ್ಕದಲ್ಲಿ ತಗಡಿನ ಶೀಟು. ಇಂಥ ಮನೆಯಲ್ಲಿ ‘ಅಡುಗೆಮನೆ ದೊಡ್ಡದು ಮಾಡಿಕೊಡಿ, ಮಗನಿಗೊಂದು ಕೋಣೆ ತೆಗೆದುಕೊಡಿ’ ಎಂದು ಕೇಳುತ್ತಾರೆ. ಆಗ ಕಂಪ್ಯೂಟರಿನಲ್ಲಿ ಮೊದಲು ಬರೆಯಬೇಕಾದದ್ದು ಹೊಸ ಕೋಣೆಯಲ್ಲ. ಈಗಿರುವ ಮನೆಯನ್ನು ಅಳೆದು, ಇದ್ದಂತೆಯೇ ಬರೆದ ಮಾದರಿ ಮೊದಲು ಬೇಕು.

ಅಳತೆಯಿಂದ ಶುರು ಮಾಡೋಣ. ಒಂದು ಕೋಣೆ 12 ಅಡಿಗೆ 16 ಅಡಿ ಎಂದುಕೊಳ್ಳಿ. ಮೂಲೆಗಳು ಲಂಬಕೋನವಾಗಿದ್ದರೆ ಎರಡೂ ಕರ್ಣಗಳು 20 ಅಡಿ ಬರಬೇಕು. ಟೇಪು ಹಿಡಿದಾಗ ಒಂದು 20 ಅಡಿ 4 ಇಂಚು, ಇನ್ನೊಂದು 19 ಅಡಿ 8 ಇಂಚು ಬಂತು. ತಪ್ಪಿದ್ದು ಟೇಪೋ ಕೋಣೆಯೋ? ಎದುರುಬದುರು ಗೋಡೆಗಳು ಸಮನಾಗಿದ್ದರೆ ಕರ್ಣಗಳ ವರ್ಗಗಳ ಮೊತ್ತವು 12 ಮತ್ತು 16ರ ವರ್ಗಗಳ ಮೊತ್ತದ ಎರಡರಷ್ಟು, ಅಂದರೆ 800 ಆಗಬೇಕು. ಇಲ್ಲಿ 413.4 ಮತ್ತು 386.8 ಕೂಡಿ 800.2. ಅಳತೆ ಸರಿಯಿದೆ, ಕೋಣೆಯೇ ಓರೆಯಾಗಿದೆ. ಗಣಿತದ ಪುಸ್ತಕದಲ್ಲಿ ಒಣಗಿ ಕುಳಿತ ಈ ಸೂತ್ರಕ್ಕೆ ಇಷ್ಟು ಬೇಗ ಕೆಲಸ ಸಿಗುತ್ತದೆ.

ಸಾಫ್ಟ್‌ವೇರ್ ಮಾತ್ರ ಎಲ್ಲವನ್ನೂ ನೆಟ್ಟಗೆ ಎಳೆಯಲು ಹವಣಿಸುತ್ತದೆ. ಅದಕ್ಕೆ ಮಣಿದು ಓರೆ ಗೋಡೆಯನ್ನು ನೇರ ಮಾಡಿದರೆ ಪರದೆ ಚೆಂದ ಕಾಣುತ್ತದೆ, ಆಮೇಲೆ ತಂದ ಕಪಾಟು ಮೂಲೆಯಲ್ಲಿ ಕೂರುವುದಿಲ್ಲ. ಅರ್ಧ ಇಂಚಿನ ಡೊಂಕನ್ನೆಲ್ಲ ಬರೆಯುತ್ತ ಕೂರಬೇಕು ಎಂದಲ್ಲ. ಎಷ್ಟು ವ್ಯತ್ಯಾಸವನ್ನು ಬಿಟ್ಟಿದ್ದೇವೆ ಎಂಬುದನ್ನು ಮಾದರಿಯ ಮೇಲೆಯೇ ಬರೆದಿಟ್ಟರೆ ಸಾಕು.

ಇದಕ್ಕಿಂತ ಮುಖ್ಯವಾದದ್ದು, ಗೊತ್ತಿರುವುದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವುದು. ಗೋಡೆಯ ದಪ್ಪವನ್ನು ಬಾಗಿಲ ಬಳಿ ಅಳೆಯಬಹುದು. ಬುನಾದಿ ಎಷ್ಟು ಆಳ ಇದೆ ಎಂಬುದು ಒಂದು ಕಡೆ ಅಗೆದು ನೋಡುವವರೆಗೆ ಊಹೆಯೇ. ಮನೆಯ ಹಿರಿಯರು ‘ಮೂರು ಅಡಿ ಇದೆ’ ಎಂದರೆ ಅದು ಕೇಳಿದ ಮಾತು. ಅಳೆದದ್ದು, ಕೇಳಿದ್ದು, ಊಹಿಸಿದ್ದು: ಮೂರಕ್ಕೂ ಮೂರು ಬಣ್ಣ ಕೊಡಿ. ಪರದೆಯ ಮೇಲೆ ಬಂದ ಗೆರೆ ಎಲ್ಲವನ್ನೂ ಖಚಿತವೆಂಬಂತೆ ತೋರಿಸುತ್ತದೆ. ನಿಮ್ಮ ಊಹೆಯನ್ನು ನಂಬಿ ಮುಂದಿನವರು ಅದರ ಮೇಲೆ ಇನ್ನೊಂದು ಅಂತಸ್ತು ಕೂರಿಸಬಹುದು.

ಬೇರೆಯವರು ಮಾಡಿದ ಹಳೆಯ ಫೈಲು ಸಿಕ್ಕರೂ ಹಾಗೆಯೇ ಬಳಸಬೇಡಿ. ಮಂಜೂರಾದ ನಕ್ಷೆಯೇ ಬೇರೆ, ಗೌಂಡಿ ಕಟ್ಟಿದ್ದೇ ಬೇರೆ ಆಗಿರುವುದುಂಟು. ಸ್ಥಳಕ್ಕೆ ಹೋಗಿ ನಾಲ್ಕಾರು ಅಳತೆ ತಾಳೆ ನೋಡಿ. ಅಡಿಯೋ ಮಿಲಿಮೀಟರೋ ಎಂಬುದನ್ನೂ ನೋಡಿ. ಒಂದು ಅಡಿ ಎಂದರೆ 304.8 ಮಿಲಿಮೀಟರ್.

ಈ ಮಾದರಿ ಸಿದ್ಧವಾದ ಮೇಲೆ ದಿನಾಂಕ ಹಾಕಿ ಬೀಗ ಹಾಕಿದಂತೆ ಇಡಬೇಕು. ಹೊಸ ವಿನ್ಯಾಸವನ್ನು ಅದರ ಪ್ರತಿಯ ಮೇಲೆ ಅಥವಾ ಅದನ್ನು ಜೋಡಿಸಿಕೊಂಡ ಇನ್ನೊಂದು ಫೈಲಿನಲ್ಲಿ ಮಾಡಬೇಕು. ಹೊಸಬರು ಎಡವುವುದು ಇಲ್ಲಿ: ಒಂದು ಗೋಡೆ ಬೇಡವೆನಿಸಿದ ಕೂಡಲೇ ಅಳಿಸಿಬಿಡುತ್ತಾರೆ. ಗೋಡೆಯ ಜೊತೆ ಅದರಲ್ಲಿದ್ದ ಬಾಗಿಲೂ ಹೋಗುತ್ತದೆ. ಆ ಗೋಡೆ 10 ಅಡಿ ಉದ್ದ, 9 ಅಡಿ ಎತ್ತರ, ಒಂದೂವರೆ ಅಡಿ ದಪ್ಪವಿದ್ದರೆ ಒಡೆದು ಸಾಗಿಸಬೇಕಾದದ್ದು 135 ಘನ ಅಡಿ. ಅಳಿಸಿದ ಮೇಲೆ ಆ ಲೆಕ್ಕ ಎಲ್ಲಿಂದ ಬರಬೇಕು? ಜಂತಿಗಳ ತುದಿ ಅದೇ ಗೋಡೆಯ ಮೇಲೆ ಕೂತಿದ್ದರಂತೂ, ನಕ್ಷೆಯಲ್ಲಿ ಗೋಡೆಯೇ ಇಲ್ಲದಿರುವಾಗ ‘ಮಾಳಿಗೆಯ ಭಾರ ಇನ್ನು ಯಾವುದರ ಮೇಲೆ?’ ಎಂದು ಯಾರೂ ಕೇಳುವುದಿಲ್ಲ. ಕೆಳಗೆ ಮಲಗುವವರು ಮನೆಯವರು.

ರೆವಿಟ್‌ನಂಥ ಸಾಫ್ಟ್‌ವೇರ್‌ನಲ್ಲಿ ಇದಕ್ಕಾಗಿಯೇ ‘ಫೇಸ್’, ಅಂದರೆ ಹಂತಗಳ ವ್ಯವಸ್ಥೆ ಇದೆ. ಪ್ರತಿ ಗೋಡೆಗೂ ಎರಡು ಗುರುತು: ಯಾವ ಹಂತದಲ್ಲಿ ಕಟ್ಟಿದ್ದು, ಯಾವ ಹಂತದಲ್ಲಿ ಒಡೆಯುವುದು. ಹೀಗೆ ಗುರುತಿಸಿದರೆ ಒಂದೇ ಮಾದರಿಯಿಂದ ಈಗಿನ ಮನೆ, ಒಡೆಯುವ ಭಾಗ, ಮುಂದಿನ ಮನೆ ಮೂರನ್ನೂ ಬೇರೆ ಬೇರೆ ನಕ್ಷೆಯಾಗಿ ತೆಗೆಯಬಹುದು. ಆಟೋಕ್ಯಾಡ್ ಆದರೆ ಬೇರೆ ಬೇರೆ ಲೇಯರ್. ಕಂಪ್ಯೂಟರ್ ಇಲ್ಲವೇ? ಗ್ರಾಫ್ ಹಾಳೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿದರೂ ತತ್ವ ಅದೇ.

ಹೀಗೆ ದಿನಾಂಕದೊಡನೆ ಉಳಿದ ದಾಖಲೆಯ ಬೆಲೆಗೆ ಹೊಳೆಯಾಚೆಯ ಹಂಪಿಯೇ ಉದಾಹರಣೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಕಟ್ಟಡಗಳ ಫೋಟೊ ತೆಗೆದರು. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವೆ ಬಿದ್ದದ್ದು ಯಾವುದು, ಸೇರಿಸಿದ್ದು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಗ್ರೀನ್‌ಲಾ ಕಟ್ಟಡಗಳು ಹೇಗಿರಬೇಕಿತ್ತು ಎಂದು ತಿದ್ದಿ ಚಿತ್ರ ಬರೆದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ.

ಕಾನೂನಿನಲ್ಲೂ ಇದಕ್ಕೆ ತೂಕವಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಇಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ಪ್ರಕಾರ ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಮಾತ್ರ ಮಾಲೀಕರು ಅನುಮತಿ ಕೇಳಬಹುದು. ಮೇಲಕ್ಕೋ ಪಕ್ಕಕ್ಕೋ ಬೆಳೆಸಿದರೆ ಅದು ಹೊಸ ನಿರ್ಮಾಣ. ಹಾಗಾದರೆ ಮನೆ ಮೊದಲು ಎಷ್ಟು ಎತ್ತರ, ಎಷ್ಟು ಅಗಲ ಇತ್ತು? ಈ ಪ್ರಶ್ನೆಗೆ ಬಡವನ ಮನೆಗೂ ಉತ್ತರವಾಗಬಲ್ಲದ್ದು, ಕೆಲಸಕ್ಕೆ ಮೊದಲು ಅಳೆದಿಟ್ಟ ನಕ್ಷೆ ಮತ್ತು ಫೋಟೊ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳೂ ಸೇರಿಕೊಳ್ಳುತ್ತವೆ.

ಅಭ್ಯಾಸ: ಇಬ್ಬಿಬ್ಬರು ಸೇರಿ ನಿಮ್ಮ ತರಗತಿ ಕೋಣೆಯನ್ನು ಅಳೆಯಿರಿ. ನಾಲ್ಕು ಗೋಡೆ, ಎರಡು ಕರ್ಣ, ಬಾಗಿಲು-ಕಿಟಕಿಗಳ ಸ್ಥಾನ, ತೊಲೆಯ ಎತ್ತರ. ಒಂದು ಅಡಿಗೆ ಕಾಲು ಇಂಚಿನಂತೆ ಬರೆದು, ಕರ್ಣಗಳ ಲೆಕ್ಕದಿಂದ ಪರೀಕ್ಷಿಸಿ, ಅಳೆಯಲಾಗದ್ದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ದಿನಾಂಕ ಮತ್ತು ಹೆಸರು ಹಾಕಿ ತನ್ನಿ.